ಕೆನೆಯಲ್ಲಿ ಕಲಸಿದ ಮುಲಾಮು

ಮೊದಲು ವಾಸಿಯಾದದ್ದು ಅವ್ವನ ಕೈ. ಇದನ್ನು ಅಲ್ಲಿಂದಲೇ ಹೇಳಬೇಕು. ನಮ್ಮ ಮನೆಯಲ್ಲಿ ಯಾರು ಈ ಸಂಗತಿ ತೆಗೆದರೂ ನನ್ನ ಮುಖದಿಂದ ಶುರು ಮಾಡುತ್ತಾರೆ. ಹಾಗೆ ಶುರು ಮಾಡಿದರೆ ಅವ್ವ ಬುದ್ಧಿಗೇಡಿಯಂತೆ ಕಾಣುತ್ತಾಳೆ, ನಾನು ಪಾಪದ ಹುಡುಗಿಯಂತೆ ಕಾಣುತ್ತೇನೆ. ಎರಡೂ ನಿಜವಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿದ್ದದ್ದು ಡೊಂಬಿವಲಿ ಈಸ್ಟಿನಲ್ಲಿ, ಎರಡು ಖೋಲಿಯ ಮನೆಯಲ್ಲಿ. ಅಪ್ಪ ಧಾರವಾಡ ಬಿಟ್ಟು ಬಂದು ಮುಂಬಯಿಯ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಬೆಳಗಿನ ಲೋಕಲ್ ಹಿಡಿದು ಹೋದರೆ ದೀಪ ಹಚ್ಚಿದ ಮೇಲೆಯೇ ಮನೆಗೆ ಬರುತ್ತಿದ್ದದ್ದು. ನಾನು ಒಬ್ಬಳೇ ಮಗಳು. ಅವ್ವನ ದಿನವೆಲ್ಲ ನೀರಿನಲ್ಲೇ ಕಳೆಯುತ್ತಿತ್ತು. ನಳದಲ್ಲಿ ನೀರು ಇರುವಷ್ಟು ಹೊತ್ತಿನಲ್ಲಿ ಪಾತ್ರೆ, ಬಟ್ಟೆ, ನೆಲ ಎಲ್ಲ ಮುಗಿಯಬೇಕು. ಸೋಡಾ ಹಾಕಿದ ಸಾಬೂನು ಅವಳ ಬೆರಳ ಸಂದುಗಳನ್ನು ತಿಂದುಹಾಕಿತ್ತು. ಚರ್ಮ ಬಿರಿದಿತ್ತು, ಕೆರೆದು ಕೆರೆದು ರಕ್ತ ಬರುತ್ತಿತ್ತು. ಭಕ್ರಿ ತಟ್ಟುವಾಗ ಹಿಟ್ಟಿಗೆ ತಾಗೀತೆಂದು ಬೆರಳಿಗೆ ಚಿಂದಿ ಸುತ್ತಿಕೊಳ್ಳುತ್ತಿದ್ದಳು. ಬಿಲ್ಡಿಂಗಿನಲ್ಲಿ ಯಾರಿಗೆ ಕೆಮ್ಮು ಬಂದರೂ ಅವ್ವನ ಕಷಾಯಕ್ಕೆ ಬರುತ್ತಿದ್ದರು. ಇಂಥ ಮನೆವೈದ್ಯೆಗೆ ತನ್ನ ಕೈಯದೇ ಔಷಧ ಗೊತ್ತಾಗಿರಲಿಲ್ಲ, ಅದನ್ನು ಹೇಳಿ ಅಪ್ಪ ಅವಳನ್ನು ಕಾಡುತ್ತಿದ್ದರು.

ಎದುರು ಬಾಗಿಲಲ್ಲಿ ಉಡುಪಿ ಕಡೆಯ ಒಬ್ಬ ಮಾಮಿ ಇದ್ದರು. ಅವರ ಗಂಡ ಅಂಬರನಾಥದ ಒಂದು ಸಣ್ಣ ಔಷಧ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಚರ್ಮಕ್ಕೆ ಹಚ್ಚುವ ಮುಲಾಮು ತಯಾರಾಗುತ್ತಿತ್ತು. ಟ್ಯೂಬಿನ ಮೇಲೆ ಅಚ್ಚು ಓರೆಯಾದರೆ, ಬಣ್ಣ ಹರಡಿದರೆ ಅದು ಅಂಗಡಿಗೆ ಹೋಗುವಂತಿಲ್ಲ. ಅಂಥವನ್ನು ಕೆಲಸದವರು ಮನೆಗೆ ತರುತ್ತಿದ್ದರು. ಡಬ್ಬಿ ಇರುತ್ತಿರಲಿಲ್ಲ, ಡಬ್ಬಿಯೊಳಗೆ ಮಡಚಿ ಇಡುವ ಕಾಗದವೂ ಇರುತ್ತಿರಲಿಲ್ಲ, ಬರೀ ಟ್ಯೂಬು. ಮಾಮಿಯ ಮನೆಯಲ್ಲಿ ಅವು ಹಲ್ಲುಜ್ಜುವ ಪೇಸ್ಟಿನ ಪಕ್ಕದಲ್ಲೇ ಬಿದ್ದಿರುತ್ತಿದ್ದವು. ಊರಿಗೆ ಹೋಗುವಾಗ ನೆಂಟರಿಗೆಲ್ಲ ಒಂದೊಂದು ಒಯ್ಯುತ್ತಿದ್ದರು, ನಮ್ಮವರು ಧಾರವಾಡದಿಂದ ಫೇಡೆ ತರುವ ಹಾಗೆ.

ಒಂದು ದಿನ ಸಕ್ಕರೆ ಕೇಳಲು ಬಂದ ಮಾಮಿ ಅವ್ವನ ಬೆರಳು ನೋಡಿ, "ಎಂತ ಮಾಡಿಕೊಂಡಿದ್ದೀರಿ ಇದು?" ಎಂದು ಮನೆಗೆ ಹೋಗಿ ಒಂದು ಟ್ಯೂಬು ತಂದರು. "ಇದನ್ನು ಹಚ್ಚಿ ನೋಡಿ. ನಮ್ಮವರ ಫ್ಯಾಕ್ಟರಿದು. ಪ್ರಿಂಟು ಮಾತ್ರ ಓರೆ, ಒಳಗಿದ್ದ ಮದ್ದು ಸರಿಯೇ ಉಂಟು."

ಅವ್ವ ಸಂಕೋಚದಿಂದಲೇ ಹಚ್ಚಿಕೊಂಡಳು. ವಾರ ತುಂಬುವುದರೊಳಗೆ ಬಿರುಕು ಕೂಡಿಕೊಂಡಿತು, ತುರಿಕೆ ನಿಂತಿತು. ವರ್ಷಗಟ್ಟಲೆ ಕಾಡಿದ್ದು ಹೀಗೆ ಹೋದದ್ದು ಅವಳಿಗೇ ನಂಬಿಕೆಯಾಗಲಿಲ್ಲ. ಬಂದವರ ಮುಂದೆಲ್ಲ ಅಂಗೈ ಚಾಚಿ, "ನೋಡ್ರಿ, ಮದಲಗಿತ್ತಿ ಕೈ ಆಗ್ಯಾವ" ಎಂದು ನಗುತ್ತಿದ್ದಳು. ತನ್ನ ಮೈಮೇಲೆ ಹಚ್ಚಿ ನೋಡಿ, ಕಣ್ಣಾರೆ ಕಂಡು, ಆಮೇಲೆ ನಂಬಿದಳು. ಇದಕ್ಕಿಂತ ಹೆಚ್ಚಿನ ಎಚ್ಚರಿಕೆ ಯಾವ ತಾಯಿಯಿಂದ ನಿರೀಕ್ಷಿಸಬಹುದು ಎಂದು ನಾನು ಈಗ ಕೇಳುತ್ತೇನೆ. ಆಗ ಕೇಳಲಿಲ್ಲ.

ನಾನಾಗ ಬಿ.ಕಾಂ. ಮುಗಿಸಿ ಠಾಣೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಮುಖದ ತುಂಬ ಮೊಡವೆ, ಹೋಗುವಾಗ ಕಪ್ಪು ಗುರುತು ಬಿಟ್ಟೇ ಹೋಗುವಂಥವು. ನನಗೆ ಅದರ ಚಿಂತೆಯೇ ಇರಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ಸುಳ್ಳಾಗುತ್ತದೆ. ಆ ಹೊತ್ತಿಗೆ ಕಲ್ಯಾಣದಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ಮನೆತನವೂ ನಮ್ಮ ಕಡೆಯದೇ. ಉಪ್ಪಿಟ್ಟು ಆಯಿತು, ಚಹಾ ಆಯಿತು. ಏಳುವಾಗ ಹುಡುಗನ ತಾಯಿ ಅವ್ವನ ಕಿವಿಯ ಹತ್ತಿರ ಬಗ್ಗಿ, "ಹುಡುಗಿ ಲಕ್ಷಣ ಇದ್ದಾಳರೀ. ಮಾರಿ ಮ್ಯಾಲಿನ ಕಲಿ ಅಷ್ಟು ಹೋಗ್ಲಿ. ನಮ್ಮಲ್ಲಿನೂ ಮಗಳ ಮದುವಿ ಮುಗೀಬೇಕು, ದೀಪಾವಳಿ ಆದಮ್ಯಾಲೆ ಮತ್ತ ಬರ್ತೀವಿ" ಎಂದರು. ಪಿಸುಗುಟ್ಟಿದರೂ ಇಡೀ ಮನೆಗೆ ಕೇಳಿಸಬೇಕು, ಅಂಥ ಅಳತೆಯ ದನಿ ಕೆಲವರಿಗೆ ಒಲಿದಿರುತ್ತದೆ. 

ಮಾರನೆಯ ಸಂಜೆ ನಾನು ಆಫೀಸಿನಿಂದ ಬಂದಾಗ ಅವ್ವ ಒಂದು ಸಣ್ಣ ಬಟ್ಟಲಲ್ಲಿ ಏನೋ ಕಲಸುತ್ತಿದ್ದಳು. ಮಾಮಿಯ ಟ್ಯೂಬಿನ ಮುಲಾಮು, ಅದಕ್ಕೆ ಹಾಲಿನ ಕೆನೆ. ಅವ್ವನ ಲೆಕ್ಕದಲ್ಲಿ ಜಗತ್ತಿನ ಎಲ್ಲ ವಸ್ತುಗಳೂ ಎರಡು ಜಾತಿ, ಉಷ್ಣ ಮತ್ತು ತಂಪು. ಪಪ್ಪಾಯಿ ಉಷ್ಣ, ಮೊಸರು ತಂಪು. ಇಂಗ್ಲಿಷ್ ಔಷಧ ಎಲ್ಲವೂ ಉಷ್ಣ. ಕೈಯೇನೋ ಗಟ್ಟಿ, ತಡೆದುಕೊಳ್ಳುತ್ತದೆ. ಮುಖ ಎಳೆಯದು, ಅದಕ್ಕೆ ಬರೀ ಮುಲಾಮು ಹಚ್ಚಿದರೆ ಉಷ್ಣವಾದೀತು, ಆದ್ದರಿಂದ ಕೆನೆ. ಮುಖದ ಚರ್ಮ ಕೈಯ ಚರ್ಮದಂತಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆ ಪರಿಹಾರ ಕೆನೆಯಲ್ಲಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ.

"ಮಣಿ ಮ್ಯಾಲ ಕೂಡು. ಮಾರಿ ಈ ಕಡೆ ಮಾಡು. ಅಳ್ಳಾಡಬ್ಯಾಡ."

ಟ್ಯೂಬ್‌ಲೈಟಿನ ಕೆಳಗೆ ಮಣೆ ಹಾಕಿ ನನ್ನನ್ನು ಕೂರಿಸಿ, ಉಂಗುರದ ಬೆರಳಿನಿಂದ ಹಚ್ಚುತ್ತಿದ್ದಳು. ಹಣೆ, ಗಲ್ಲ, ಗದ್ದ. ಅವಸರವಿಲ್ಲದೆ, ಒಂದೊಂದು ಗುರುತನ್ನೂ ಹುಡುಕಿ ಹುಡುಕಿ. ನಾನು ದೊಡ್ಡವಳಾದ ಮೇಲೆ ಅವ್ವ ನನ್ನ ಮುಖ ಮುಟ್ಟಿದ್ದೇ ಇರಲಿಲ್ಲ. ನಮ್ಮದು ಮುದ್ದು ಮಾಡುವ ಮನೆಯಲ್ಲ, ಪ್ರೀತಿಯಿದ್ದರೆ ಎರಡು ಭಕ್ರಿ ಹೆಚ್ಚು ಬಡಿಸುವ ಮನೆ. ಗಾಡಿಯ ನೂಕುನುಗ್ಗಲಿನಿಂದ ಬಂದು ಕಣ್ಣು ಮುಚ್ಚಿ ಕುಳಿತರೆ, ಅವಳ ಉಸಿರಿನಲ್ಲಿ ಚಹಾದ ವಾಸನೆ. ನನಗೆ ಅದು ಹಿತವಾಗಿತ್ತು. ಇದನ್ನು ಅವಳಿಗೆ ಯಾವತ್ತೂ ಹೇಳಲಿಲ್ಲ.

ಮುಖ ಬೆಳಗಿತು. ಮೊಡವೆ ಬತ್ತಿದವು, ಗುರುತು ತಿಳಿಯಾದವು, ಚರ್ಮ ಮೈದಾ ಹಿಟ್ಟಿನ ಕಣಕದಂತೆ ನುಣುಪಾಯಿತು. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಜೊತೆಗೆ ಬರುವ ಮರಾಠಿ ಹೆಂಗಸರು "ಕಾಯ್ ಲಾವ್ತೇಸ್ ಗ ತೋಂಡಾಲಾ?", ಮುಖಕ್ಕೆ ಏನು ಹಚ್ಚುತ್ತೀಯೇ ಎಂದು ಕೇಳತೊಡಗಿದರು. "ಘರ್ಚೀ ಸಾಯ್" ಎನ್ನುತ್ತಿದ್ದೆ, ಬರೀ ಮನೆಯ ಹಾಲಿನ ಕೆನೆ ಎಂದು. ಟ್ಯೂಬಿನ ಮಾತು ಎತ್ತುತ್ತಿರಲಿಲ್ಲ. ಚೆಂದವನ್ನು ಔಷಧದಿಂದ ಪಡೆದೆ ಎಂದು ಯಾರು ಹೇಳಿಕೊಳ್ಳುತ್ತಾರೆ?

ಮೇ ತಿಂಗಳಲ್ಲಿ ಮಾಮಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದರು. ಅವರು ಇಲ್ಲದಾಗಲೇ ಟ್ಯೂಬು ಮುಗಿಯಿತು. ನಾಲ್ಕಾರು ದಿನಕ್ಕೆ ಮುಖ ಉರಿಯತೊಡಗಿತು. ಗಲ್ಲ ಕೆಂಪಾಗಿ ಬಿಸಿ ಏರಿತು, ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದವು. ಅವ್ವ ಹೆದರಲಿಲ್ಲ. "ಒಳಗಿನ ಉಷ್ಣ ಹೊರಗ ಬೀಳಲಿಕ್ಕತ್ತದ. ಬೀಳ್ಲಿ, ಒಳ್ಳೇದಽ" ಎಂದಳು. ಮಜ್ಜಿಗೆ ಕುಡಿಸಿದಳು, ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟಳು, ಗಂಧ ತೇಯ್ದು ಹಚ್ಚಿದಳು. ಯಾವುದಕ್ಕೂ ಜಗ್ಗಲಿಲ್ಲ. ಮಾಮಿ ಊರಿನಿಂದ ಬಂದ ಸಂಜೆ ಹೊಸ ಟ್ಯೂಬು ಕೊಟ್ಟರು. ಬೆಳಗಾಗುವುದರೊಳಗೆ ಉರಿ ಅರ್ಧ ಇಳಿದಿತ್ತು.

ಆ ಬೆಳಗು ನಮ್ಮನ್ನು ಹಾಳು ಮಾಡಿತು. ಬಿಟ್ಟರೆ ಏಳುತ್ತದೆ, ಹಚ್ಚಿದರೆ ಇಳಿಯುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು? ಸಂಜೆಗಷ್ಟೇ ಹಚ್ಚುತ್ತಿದ್ದದ್ದು ಬೆಳಿಗ್ಗೆಯೂ ಶುರುವಾಯಿತು. ಮಳೆಗಾಲದ ಹೊತ್ತಿಗೆ ಕೆನೆಯನ್ನೂ ಬಿಟ್ಟೆವು, ಬರೀ ಮುಲಾಮು. ಆದರೂ ಮೊದಲಿನ ಗುಣ ಕಾಣಲಿಲ್ಲ. ಗಲ್ಲದ ಮೇಲೆ ಕೆಂಪು ನೂಲೆಳೆಯಂಥ ನರಗಳು ಎದ್ದು ಕಾಣತೊಡಗಿದವು. ಕಿವಿಯ ಮುಂದೆ ಗಂಡಸರ ಹಾಗೆ ರೋಮ ಬೆಳೆಯಿತು. ಠಾಣೆ ಸ್ಟೇಷನ್ನಿನಿಂದ ಆಫೀಸಿನವರೆಗೆ ಬಿಸಿಲಲ್ಲಿ ನಡೆದರೆ ಮೆಣಸಿನಪುಡಿ ಎರಚಿದಂತೆ ಉರಿಯುತ್ತಿತ್ತು. ಟ್ಯೂಬಿನ ಮೇಲೆ ಇಂಗ್ಲಿಷಿನಲ್ಲಿ ಓರೆಯಾಗಿ ಅಚ್ಚಾದದ್ದು ಓದಲು ಬಾರದಂತೇನೂ ಇರಲಿಲ್ಲ. ವೈದ್ಯರು ಹೇಳಿದರೆ ಮಾತ್ರ ಬಳಸಬೇಕೆಂದು ಅಲ್ಲಿತ್ತು. ಅವ್ವನಿಗೆ ಇಂಗ್ಲಿಷ್ ಬಾರದು. ಅದನ್ನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ನಾನು ಬಿ.ಕಾಂ. ಪಾಸಾದವಳು.

ಕೊನೆಗೆ ಆಫೀಸಿನ ಒಬ್ಬ ಹಿರಿಯ ಹೆಂಗಸು ನನ್ನ ಮುಖ ನೋಡಲಾರದೆ ಠಾಣೆಯ ಚರ್ಮದ ಡಾಕ್ಟರೊಬ್ಬರ ವಿಳಾಸ ಕೊಟ್ಟರು. ಅವ್ವ ಜೊತೆಗೆ ಬಂದಳು. ಏನು ಹಚ್ಚುತ್ತೀರಿ ಎಂದು ಡಾಕ್ಟರು ಕೇಳಿದಾಗ, ಅವ್ವ ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಟ್ಯೂಬು ತೆಗೆದು ಮೇಜಿನ ಮೇಲೆ ಇಟ್ಟಳು. ತಾನು ಮಾಡಿದ್ದರಲ್ಲಿ ಕೊರತೆಯೇನಿಲ್ಲ ಎಂಬ ಧೈರ್ಯ ಅವಳ ಮುಖದಲ್ಲಿತ್ತು.

ಡಾಕ್ಟರು ನನ್ನ ಜೊತೆ ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರು. ಇದು ಕೈಕಾಲಿನ ದಪ್ಪ ಚರ್ಮಕ್ಕೆ ಕೆಲವೇ ದಿನ ಹಚ್ಚುವ ಔಷಧ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತ ಹೋಗುತ್ತದೆ, ಆಮೇಲೆ ಅದಿಲ್ಲದೆ ಇರಲಾರದ ಸ್ಥಿತಿಗೆ ಬರುತ್ತದೆ. ಇವತ್ತಿನಿಂದ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಮುಖ ಈಗಿನದಕ್ಕಿಂತ ಕೆಡುತ್ತದೆ, ಕೆಲವು ತಿಂಗಳು ಹಾಗೇ ಇರಬಹುದು. ಆ ಉರಿಗೆ ಹೆದರಿ ಮತ್ತೆ ಹಚ್ಚಿದರೆ ಮೊದಲಿನಿಂದ ಶುರು. ನಿಮ್ಮ ತಾಯಿಗೆ ಹೇಳಿ, ಇಂಥವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ, ಇವರೊಬ್ಬರೇ ಅಲ್ಲ. ಗೊತ್ತಿಲ್ಲದೆ ಆದದ್ದು, ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಇಷ್ಟೆಲ್ಲ ಹೇಳಿ ಅವರು ಅವ್ವನ ಕಡೆ ನೋಡಿ ತಲೆಯಾಡಿಸಿದರು, ಈಗ ನೀನು ಅವರ ಭಾಷೆಯಲ್ಲಿ ಹೇಳು ಎನ್ನುವ ಹಾಗೆ.

ನಾನು ಅವ್ವನಿಗೆ ಹೇಳಿದೆ, "ನೀ ಹಚ್ಚಿದ್ದಕ್ಕಽ ಹಿಂಗ ಆಗೇದಂತ."

ಅವ್ವ ಟ್ಯೂಬನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲು ಇಳಿಯುವಾಗ, "ಮತ್ತೇನಂದ್ರು? ಭಾಳ ಹೊತ್ತು ಮಾತಾಡಿದ್ರಲ್ಲ" ಎಂದಳು.

"ಅಷ್ಟಽ" ಎಂದೆ.

ಡೊಂಬಿವಲಿ ಬರುವವರೆಗೂ ಅವಳು ಗಾಡಿಯಲ್ಲಿ ನನ್ನ ಎದುರಿಗೆ ಕುಳಿತಿದ್ದಳು, ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟಿನ ಬಹುಪಾಲು ನನ್ನ ಮೇಲೆಯೇ ಇತ್ತೆಂದು ಈಗ ಅನಿಸುತ್ತದೆ. ಆದರೆ ಸಿಟ್ಟನ್ನು ಯಾರ ಮೇಲೆ ಹಾಕಿದರೆ ತಿರುಗಿ ಬರುವುದಿಲ್ಲವೋ ಅವರ ಮೇಲೆಯೇ ಹಾಕುತ್ತೇವೆ.

ಡಾಕ್ಟರು ಹೇಳಿದಂತೆಯೇ ಆಯಿತು. ಮುಲಾಮು ನಿಲ್ಲಿಸಿದ ಮೇಲೆ ಮುಖ ಬಾತುಕೊಂಡಿತು, ಸಿಪ್ಪೆ ಎದ್ದಿತು, ನೀರು ಒಸರಿತು. ಕನ್ನಡಿಗೆ ಟವೆಲ್ ಹಾಕಿದೆ. ಆಫೀಸಿಗೆ ರಜೆ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದೆ. ಡಾಕ್ಟರು ತಣ್ಣೀರಿನ ಬಟ್ಟೆ ಇಡಬಹುದೆಂದಿದ್ದರು. ಅವ್ವ ಮಡಕೆಯ ನೀರಿನಲ್ಲಿ ಹಳೆಯ ಧೋತರದ ತುಂಡು ಅದ್ದಿ ತಂದು ಹತ್ತಿರ ಕುಳಿತರೆ, "ಕೈ ಹಚ್ಚಬ್ಯಾಡ ನನಗ. ಅಲ್ಲಿಡು, ನಾನಽ ಇಟ್ಕೋತೀನಿ" ಎನ್ನುತ್ತಿದ್ದೆ. ಬಟ್ಟಲನ್ನು ನನ್ನ ಕೈಗೆಟಕುವಲ್ಲಿ ಇಟ್ಟು ಏಳುತ್ತಿದ್ದಳು. ಅಷ್ಟು ದೂರದಿಂದ ತಾಯಿಯೊಬ್ಬಳು ಸೇವೆ ಮಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎದುರು ಮನೆಯ ಮಾಮಿ ಅಳುತ್ತ ಬಂದರು. "ನನ್ನಿಂದಲೇ ಆಯ್ತಲ್ಲ ಇದೆಲ್ಲ. ನಮ್ಮವರಿಗೂ ಗೊತ್ತಿಲ್ಲ, ಅವರು ಪ್ಯಾಕಿಂಗಿನಲ್ಲಿ ಇರುದು ಮಾತ್ರ ಅಲ್ವಾ" ಎಂದರು. ಅವ್ವ ಅವರ ಕೈ ಹಿಡಿದು ಕೂರಿಸಿದಳು. "ನೀವು ಕೊಟ್ಟಿದ್ದು ನನ್ನ ಕೈಗ್ರೀ. ಮಗಳ ಮಾರಿಗೆ ಹಚ್ಚಿದಾಕಿ ನಾ. ನೀವ್ಯಾಕ ಅಳ್ತೀರಿ?" ಎಂದು ಅವರಿಗೆ ಸಮಾಧಾನ ಹೇಳಿದಳು. ನಾನು ಒಳಗಿನ ಖೋಲಿಯಲ್ಲಿ ಮಲಗಿ ಕೇಳುತ್ತಿದ್ದೆ. ಎದ್ದು ಬಂದು, ಟ್ಯೂಬಿನ ಮೇಲೆ ಬರೆದದ್ದನ್ನು ತಾಯಿ ಮಗಳಲ್ಲಿ ಓದಬಲ್ಲವಳು ನಾನೇ ಆಗಿದ್ದೆ ಎಂದು ಹೇಳಬಹುದಾಗಿತ್ತು.

ಕಲ್ಯಾಣದವರಿಗೆ ಅಪ್ಪ ಹುಡುಗಿಗೆ ಮೈ ಸರಿಯಿಲ್ಲವೆಂದು ಹೇಳಿ ಕಳಿಸಿದರು. ಅವರು ಬೇರೆ ಕಡೆ ಗೊತ್ತು ಮಾಡಿಕೊಂಡರು. ಸುದ್ದಿ ಬಂದ ದಿನ ಊಟಕ್ಕೆ ಕುಳಿತಾಗ ಅಪ್ಪ, "ಮಂದಿಗೆ ಕಷಾಯ ಮಾಡಿಕೊಡೋದು ಬ್ಯಾರೆ, ಮಗಳ ಬಾಳೇ ಬ್ಯಾರೆ" ಎಂದು ತಟ್ಟೆಯನ್ನು ನೋಡುತ್ತ ಹೇಳಿದರು. ಅವ್ವ ಸಾರು ಬಡಿಸಿದಳು. ಅಂದಿನಿಂದ ಬಿಲ್ಡಿಂಗಿನವರು ಯಾರು ಔಷಧ ಕೇಳಿ ಬಂದರೂ, "ನನಗೇನು ತಿಳೀತದ್ರೀ? ಡಾಕ್ಟರ ಕಡೆ ಹೋಗ್ರಿ" ಎಂದು ಬಾಗಿಲಲ್ಲೇ ಕಳಿಸುತ್ತಿದ್ದಳು.

ಅವ್ವ ಚಹಾ ಬಿಟ್ಟದ್ದು ನಮಗೆ ತಡವಾಗಿ ತಿಳಿಯಿತು. ಧಾರವಾಡದ ಕಡೆಯ ಹೆಂಗಸಿಗೆ ಚಹಾ ಎಂದರೆ ಏನೆಂದು ತಿಳಿದವರಿಗೇ ತಿಳಿಯುತ್ತದೆ. ಅವ್ವನಿಗೆ ಎದ್ದೊಡನೆ ಒಂದು, ನೀರು ತುಂಬಿದ ಮೇಲೆ ಒಂದು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು ಬೇಕೇ ಬೇಕು. ನನ್ನ ಮುಖ ಮೊದಲಿನಂತಾಗುವವರೆಗೆ ಮುಟ್ಟುವುದಿಲ್ಲವೆಂದು ದೇವರ ಮುಂದೆ ಹೇಳಿಕೊಂಡಿದ್ದಳಂತೆ. ಅಪ್ಪನಿಗೂ ನನಗೂ ಕುದಿಸಿ ಸೋಸಿ ಕೊಟ್ಟು, ತಾನು ಪಾತ್ರೆ ತೊಳೆಯುತ್ತಿದ್ದಳು. ತಲೆನೋವು ಬಂದು ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ನನಗೆ ಗೊತ್ತಾದಾಗ ಕೆಡುಕೆನಿಸಿತು. ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಚಳಿ ಕಳೆಯುವ ಹೊತ್ತಿಗೆ ಮುಖ ತಿಳಿಯಾಗತೊಡಗಿತು. ಉರಿ ಹೋಯಿತು, ಗುಳ್ಳೆ ಹೋದವು. ಬಿಸಿಲಿಗೆ ಹೋದರೆ ಗಲ್ಲದ ಮೇಲೆ ನಾಲ್ಕು ಕೆಂಪು ಎಳೆ ಕಾಣುತ್ತಿದ್ದವು ಅಷ್ಟೇ. ಅವ್ವ ಬಾಗಿಲ ಹತ್ತಿರ ನಿಂತು, "ಈಗ ಹೆಂಗದ?" ಎಂದು ಕೇಳುತ್ತಿದ್ದಳು. ನಾನು "ಇನ್ನೂ ಉರೀತದ" ಎನ್ನುತ್ತಿದ್ದೆ. ಉರಿ ಇಲ್ಲದಿದ್ದರೂ ಹಾಗೇ ಅನ್ನುತ್ತಿದ್ದೆ. ಏಕೆಂದರೆ ಅಷ್ಟು ಹೊತ್ತಿಗೆ ಅವ್ವನ ತಪ್ಪು ನನ್ನ ಪರ್ಸಿನೊಳಗಿನ ರೈಲ್ವೆ ಪಾಸಿನ ಹಾಗಾಗಿತ್ತು, ತೋರಿಸಿದರೆ ಸಾಕು, ಯಾರೂ ತಡೆಯುತ್ತಿರಲಿಲ್ಲ. ಅಡುಗೆಗೆ ಕರೆದರೆ ಗಲ್ಲ ಮುಟ್ಟಿಕೊಂಡರಾಯಿತು, ಒಲೆಯ ಝಳ ಬೇಡವೆಂದು ಅವಳೇ ಎಬ್ಬಿಸಿ ಕಳಿಸುತ್ತಿದ್ದಳು. ಇನ್ನೊಂದು ಸಂಬಂಧ ಬಂದಾಗ ಬೇಡ ಎಂದೆ, ಅವ್ವ ಒಂದು ಮಾತೂ ಆಡಲಿಲ್ಲ. ಮದುವೆಯಾದರೂ ಕೆಲಸ ಬಿಡುವುದಿಲ್ಲ ಎಂದೆ, ಅದಕ್ಕೂ ಸುಮ್ಮನಾದಳು. ಇವೆಲ್ಲ ನಾನು ಜಗಳವಾಡಿ ಗೆಲ್ಲಬೇಕಾದ ವಿಷಯಗಳು. ಜಗಳವೇ ಇಲ್ಲದೆ ಗೆದ್ದೆ.

ಅಪ್ಪ ಒಂದು ಭಾನುವಾರ ಪೇಪರು ಓದುತ್ತಿದ್ದವರು, ನನ್ನನ್ನು ಕಿಟಕಿಯ ಹತ್ತಿರ ಕರೆದು ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಎಲ್ಲಾ ಹೋಗೇದಲ್ಲ. ಯಾವಾಗ ಹೋತು?" ಎಂದರು. ನಾನು ಗದ್ದ ಬಿಡಿಸಿಕೊಂಡೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಅಡುಗೆಮನೆಯ ಕಡೆ ಮುಖ ಮಾಡಿ, "ಏ, ಚಹಾ ಇಡು. ನಿನಗೂ ಸೇರಿಸಿ ಇಡು" ಎಂದರು. ಅವ್ವ ಒಲೆಯ ಹತ್ತಿರ ನಿಂತೇ ಕುಡಿದಳು. ಕಣ್ಣು ಒರೆಸಿಕೊಂಡು, ಸಕ್ಕರೆ ಹೆಚ್ಚಾಯಿತು ಎಂದಳು. 

ಎರಡು ವರ್ಷಕ್ಕೆ ನನ್ನ ಮದುವೆಯಾಯಿತು. ಗಂಡನ ಕೆಲಸ ಠಾಣೆ ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ, ಮನೆ ವಾಶಿಯಲ್ಲಿ. ಆಗಿನ್ನೂ ಅಲ್ಲಿಗೆ ರೈಲಿರಲಿಲ್ಲ. ತವರಿಗೆ ಬರಬೇಕಾದರೆ ಠಾಣೆವರೆಗೆ ಬಸ್ಸು, ಅಲ್ಲಿಂದ ಗಾಡಿ. ಬಂದಾಗೆಲ್ಲ ಅವ್ವ ಚೆನ್ನಾಗಿಯೇ ಮಾತಾಡುತ್ತಿದ್ದಳು, ನಗುತ್ತಿದ್ದಳು, ಕಟ್ಟಿ ಕೊಡುತ್ತಿದ್ದಳು. ಎಲ್ಲ ಮುಗಿದುಹೋಯಿತು ಎಂದೇ ನಾನು ಅಂದುಕೊಂಡಿದ್ದೆ.

ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ಡೊಂಬಿವಲಿಗೆ ಬಂದೆ. ಹೆಣ್ಣುಮಗು. ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವ್ವ ಹಂಡೆಯಲ್ಲಿ ನೀರು ಕಾಯಿಸಿದಳು. ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಕಾಲು ಚಾಚಿ ಕುಳಿತಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದಕ್ಕೆ. ಪಕ್ಕದಲ್ಲಿ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯ ಬಟ್ಟಲು. ಕೈಯನ್ನು ಎಣ್ಣೆಯಲ್ಲಿ ಅದ್ದಿದವಳು ಹಾಗೇ ನಿಲ್ಲಿಸಿ, ತಲೆ ಎತ್ತಿ ನನ್ನ ಕಡೆ ನೋಡಿದಳು.

"ಹಚ್ಚಲೇನು?"

ತನ್ನ ಮನೆಯಲ್ಲಿ, ತನ್ನ ಮೊಮ್ಮಗಳಿಗೆ ಎಣ್ಣೆ ಹಚ್ಚಲು ಅವಳು ನನ್ನ ಅಪ್ಪಣೆ ಕೇಳಿದಳು. ನಾನು ಹೂಂ ಎಂದರೆ ಮುಗಿಯುತ್ತಿತ್ತು. ಹೊಲಿಗೆಯ ನೋವಿತ್ತು, ನಿದ್ದೆಯಿರಲಿಲ್ಲ, ಅದೆಲ್ಲ ನಿಜ. ಆದರೂ ಬಾಯಿಂದ ಬಂದದ್ದು ಬೇರೆ.

"ಯಾವ ಎಣ್ಣಿ ಅದು? ತಡಿ, ಡಾಕ್ಟರಿಗೆ ಒಂದು ಮಾತು ಕೇಳೋಣ."

ಅವ್ವ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಸೆರಗಿಗೆ ಎಣ್ಣೆಯಾಗುತ್ತದೆಂಬ ಗೊಡವೆಯೂ ಇರಲಿಲ್ಲ. ಕೂಸಿಗೆ ಬರೀ ಬಿಸಿನೀರು ಎರೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಮಗ್ಗುಲಲ್ಲಿ ಮಲಗಿಸಿದಳು. ಆ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಂದಳು. ಮರುದಿನದಿಂದ ಕೂಸಿಗೂ ನನಗೂ ಮಾಲೀಶ್ ಮಾಡಿ ಎರೆಯಲು ಮರಾಠಿ ಹೆಂಗಸೊಬ್ಬಳನ್ನು ಗೊತ್ತು ಮಾಡಿದ್ದಳು.

ಆ ಹೆಂಗಸು ಗಟ್ಟಿ ಆಳು, ಬಾಯಿಯೂ ಜೋರು. ಬಂದವಳೇ ನನ್ನನ್ನು ಚಾಪೆಯ ಮೇಲೆ ಮಲಗಿಸಿ ಬೆನ್ನು, ಸೊಂಟ, ಕಾಲು ತಿಕ್ಕಿದಳು. ಆಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು, ತನ್ನ ಚೀಲದಿಂದ ಒಂದು ಸೀಸೆ ತೆಗೆದು, ಅಂಗೈ ತುಂಬ ಸುರಿದುಕೊಂಡು, ಎದೆ, ಬೆನ್ನು, ಕೆನ್ನೆಗೆಲ್ಲ ಹಚ್ಚಿದಳು. ಸೀಸೆ ಕಪ್ಪು ಬಣ್ಣದ್ದು, ಮೇಲೆ ಚೀಟಿ ಇರಲಿಲ್ಲ. ಕೂಸು ಸ್ವಲ್ಪ ಅತ್ತು ಆಮೇಲೆ ಸುಮ್ಮನಾಯಿತು. ಅವ್ವ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು. ನಾನು ಮೈಯೆಲ್ಲ ಹಗುರಾಗಿ ಕಣ್ಣು ಮುಚ್ಚಿದೆ.

ಕೂಸಿಗೆ ಹಾಲು ಕುಡಿಸಿ ಮಲಗಿಸಿದ ಮೇಲೆ ನನಗೆ ಥಟ್ಟನೆ ಹೊಳೆಯಿತು. ಆ ಸೀಸೆಯಲ್ಲಿ ಯಾವ ಎಣ್ಣೆ ಇತ್ತೆಂದು ನಾನು ಕೇಳಿರಲಿಲ್ಲ. ಕೇಳಬೇಕೆಂದು ಅನಿಸಿಯೂ ಇರಲಿಲ್ಲ. ಅವತ್ತೇ ಮೊದಲು ಕಂಡ ಹೆಂಗಸು ಏನು ಹಚ್ಚಿದರೂ ನಡೆಯುತ್ತಿತ್ತು. ಅವ್ವ ಅಡುಗೆಮನೆಯಲ್ಲಿ ನನಗೆ ಬಾಣಂತಿಯ ಅಡುಗೆ ಮಾಡುತ್ತಿದ್ದಳು. ಕರೆದೆ. ಒದ್ದೆ ಕೈಯಲ್ಲೇ ಬಂದಳು.

"ನಾಳಿಂದ ಆಕಿ ಬ್ಯಾಡ. ನೀನಽ ಎರಿ, ಅವ್ವಾ" ಎಂದೆ. ಅಳು ತಡೆಯಲಾಗಲಿಲ್ಲ. "ನಾ ನಿನಗ ಹಂಗ ಅನ್ನಬಾರದಾಗಿತ್ತು. ಆಗಿನದೂ ತಪ್ಪು ನಿಂದೊಬ್ಬಾಕಿದಲ್ಲ. ಆ ಡಾಕ್ಟರೂ ಹಂಗಽ ಅಂದಿದ್ರು."

ಅವ್ವ ನನ್ನ ಹತ್ತಿರ ಕುಳಿತಳು. ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಬಾಣಂತಿ ಅಳಬಾರದು, ಹಾಲು ಕಡಿಮೆಯಾಗುತ್ತದೆ ಎಂದಳು. ಮಲಗಿದ್ದ ಕೂಸಿನ ಟೋಪಿ ಸರಿ ಮಾಡಲು ಕೈ ಚಾಚಿ, ನನ್ನ ಕಡೆ ಒಮ್ಮೆ ನೋಡಿ, ಆಮೇಲೆ ಸರಿ ಮಾಡಿದಳು.

"ಆಕೀನಽ ಬರ್ಲಿ ಬಿಡವಾ. ಆಕಿ ಹಚ್ಚಿದರ ನೀ ಕಣ್ಣು ಮುಚ್ಚಿ ಮಲಗ್ತಿ. ನಾ ಹಚ್ಚಿದರ ನಿನಗ ನಿದ್ದಿ ಬರೂದಿಲ್ಲ. ಬಾಣಂತಿಗೆ ನಿದ್ದಿ ಆಗಬೇಕು."

ಹೀಗೆಂದು ಎದ್ದು, ಕೂಸಿನ ಒದ್ದೆ ಬಟ್ಟೆಗಳನ್ನು ಹಿಂಡಿ ಹಾಕಲು ಬಚ್ಚಲಿಗೆ ಹೋದಳು.